ಬೆಳಗಿದ ಹಂಡೆಯೂ ಮಗುವಿನ ನೀರೂ

ಬಾಣಂತಿ ಮನೆಯಲ್ಲಿ ಬಿಸಿನೀರಿನದೇ ಒಂದು ಭಯ. ಅವಲಪಲ್ಲಿಯ ಚೆಲುವಮ್ಮನಿಗೆ ಅದು ತುಸು ಹೆಚ್ಚೇ. ಸಕ್ಕರೆ ಕಾಯಿಲೆಯಿಂದ ಆಕೆಯ ಬೆರಳು ಜೋಮು ಹಿಡಿದು, ಬಿಸಿ ಯಾವುದು ತಂಪು ಯಾವುದು ತಿಳಿಯುತ್ತಿರಲಿಲ್ಲ. ಆದರೂ ಮೊಮ್ಮಗಳಿಗೆ ತಾನೇ ನೀರು ಹಾಕಬೇಕೆಂಬ ಹಟ. ಅದಕ್ಕೇ ಮಗ ನಂದೀಶ್, ಮುಟ್ಟದೆ ಬಿಸಿ ಅಳೆಯುವ ಗನ್ ತಂದಿದ್ದ. ಮಸಿ ಹಿಡಿದ ತಾಮ್ರದ ಹಂಡೆಗೆ ಹಿಡಿದರೆ ಅದು ಸರಿಯಾಗಿಯೇ ತೋರಿಸುತ್ತಿತ್ತು.

ನಾಮಕರಣ ಬಂತು. ಚೆಲುವಮ್ಮ ಹುಣಸೆಹಣ್ಣು ಹಾಕಿ ಉಜ್ಜಿ, ಹಂಡೆಯನ್ನು ಫಳಫಳ ಬೆಳಗಿಟ್ಟಳು. ಬೆಳಿಗ್ಗೆ ಅದನ್ನೇ ಗ್ಯಾಸಿನ ಮೇಲೆ ಇಟ್ಟರು.

ನಂದೀಶ್ ಹಂಡೆಗೆ ಗನ್ ಹಿಡಿದ. “ಮೂವತ್ತೊಂದೇ ಡಿಗ್ರಿ ಐತೆ ಕಣಮ್ಮ. ಇನ್ನೂ ಕಾಯ್ಲಿ.”

ಸ್ವಲ್ಪ ಹೊತ್ತಿಗೆ ಮತ್ತೆ ಹಿಡಿದ. “ಮೂವತ್ತೆರಡು. ಉರಿ ಜಾಸ್ತಿ ಮಾಡ್ತೀನಿ.”

“ಹಬೆ ಆಡ್ತಾ ಐತಲ್ಲೋ! ನಂಗ್ಯಾಕೋ ಭಯ ಆಯ್ತದೆ.”

“ಚಳಿಗೆ ಆಡ್ತದೆ ಬುಡಮ್ಮ. ಮಿಷನ್ ಸುಳ್ಳು ಹೇಳ್ತದಾ?”

ಮಗು ಅಜ್ಜಿಯ ಕಾಲ ಮೇಲೆ ಎಣ್ಣೆ ಮೈಯಲ್ಲಿ ಮಲಗಿತ್ತು. ಗನ್ ಮೂವತ್ತೈದು ತೋರಿಸಿದಾಗ, ಇಷ್ಟು ಸಾಕೆಂದು ನಂದೀಶ್ ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ತುಂಬಿಕೊಟ್ಟ. ಚೆಲುವಮ್ಮ ಮಗ್ಗು ಎತ್ತಿದಳು.

“ಅಯ್ಯೋ, ಹಾಕ್ಬ್ಯಾಡಿ!”

ಹೂವು ಕೊಡಲು ಬಂದ ಪಕ್ಕದ ಮನೆಯ ಶಶಿಕಲಾ, ಮಗ್ಗಿನಿಂದ ಏಳುತ್ತಿದ್ದ ಹಬೆ ಕಂಡು ಓಡಿಬಂದು ಅದನ್ನು ಕಿತ್ತುಕೊಂಡಳು. ಹೊಸೂರಿನ ಫ್ಯಾಕ್ಟರಿಯಲ್ಲಿ ಇಂಥ ಗನ್ ಹಿಡಿಯುವುದೇ ಅವಳ ಕೆಲಸ. ಔಷಧದ ಡಬ್ಬಿಯಿಂದ ಬಿಳಿ ಪ್ಲಾಸ್ಟರ್ ತೆಗೆದು ಹಂಡೆಗೆ ಅಂಟಿಸಿ, ತುಸು ತಡೆದು, ಅದರ ಹತ್ತಿರವೇ ಗನ್ ಹಿಡಿದಳು. ಅರವತ್ತೆಂಟು!

ನಂದೀಶ್ ಓಡಿಹೋಗಿ ಗ್ಯಾಸ್ ಆರಿಸಿದ. “ನಾನೇ ಉರಿ ಜಾಸ್ತಿ ಮಾಡಿದ್ನಲ್ಲಕ್ಕ… ಮಿಷನ್ ಕೆಟ್ಟೋಗೈತಾ?”

“ಕೆಟ್ಟಿಲ್ಲ ನಂದೀಶಣ್ಣ. ಬಿಸಿ ಸಾಮಾನು ಕಣ್ಣಿಗೆ ಕಾಣದ ಶಾಖ ಹೊರಗೆ ಬುಡ್ತದೆ. ಗನ್ನು ಅದನ್ನ ಅಳೀತದೆ. ಮಸಿ, ಪ್ಲಾಸ್ಟರು, ನೀರು ಚೆನ್ನಾಗಿ ಬುಡ್ತವೆ. ಹೊಳೆಯೋ ತಾಮ್ರ, ಸ್ಟೀಲು ಬಲು ಕಮ್ಮಿ. ಅವು ಕನ್ನಡಿ ಥರ ಸುತ್ತಲ ಗೋಡೆ ಶಾಖನ ತೋರುಸ್ತವೆ. ನೀವು ಅಳೆದಿದ್ದು ಗೋಡೇನ!”

“ಹಂಗಾರೆ ಈ ಗನ್ನ ಬಿಸಾಕ್ಬೇಕಾ?” ಚೆಲುವಮ್ಮ ಮಗುವನ್ನು ಅವುಚಿಕೊಂಡೇ ಕೇಳಿದಳು.

“ಬ್ಯಾಡಮ್ಮ. ತಣ್ಣೀರು ಬೆರೆಸಿ, ಕಲಕಿ, ಹಬೆ ಹೋದ್ಮೇಲೆ ನೀರಿಗೇ ಹಿಡೀರಿ. ಆಮೇಲೂ ಸಿಂಚನಾ ಮೊಣಕೈ ಅದ್ದಿ ನೋಡ್ಲಿ.”

ಮಗುವಿನ ತಾಯಿ ಸಿಂಚನಾ ಮೊಣಕೈ ಅದ್ದಿ, “ಈಗ ಹಾಕಿ ಅತ್ತೆ,” ಅನ್ನುವವರೆಗೂ ಚೆಲುವಮ್ಮ ಮಗ್ಗು ಮುಟ್ಟಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಹೊಳೆಯುವ ಪಾತ್ರೆಗೆ ಗನ್ ಹಿಡಿದು ಬಂದ ಅಂಕಿಯನ್ನು ನಂಬಬೇಡಿ. ನೀರನ್ನೇ ಅಳೆಯಿರಿ, ಮೊಣಕೈಯಿಂದ ಖಾತ್ರಿ ಮಾಡಿಕೊಳ್ಳಿ. ಸುಡುತ್ತದೆ ಎಂದು ಹೇಳಲು ಹಸುಗೂಸಿಗೆ ಮಾತು ಬಾರದು. ಅದರ ಮೈಗಿಂತ ಮೊದಲು ನಿಮ್ಮ ಮೊಣಕೈಗೆ ಆ ನೀರು ತಾಗಲಿ.