ರೋನಿಯ ರೋಸ್

ಶುಕ್ರವಾರ ಸಂಜೆ ಮಣಿಪಾಲದ ನಮ್ಮ ಆಫೀಸಿನ ಗಾಜಿನ ಕೋಣೆಯಲ್ಲಿ ಎಚ್.ಆರ್. ರೋನಿ ನನ್ನನ್ನು "ಒಲಿಂಡಾ ಮೇಡಂ" ಎಂದು ಕರೆದ. ಶಿರ್ವದಲ್ಲಿ ನಮ್ಮ ಮನೆಗೂ ಅವನ ಮನೆಗೂ ಒಂದೇ ಬೇಲಿ. ಅವನು ಮಾತು ಕಲಿತಾಗಿನಿಂದ ನಾನು ಅವನಿಗೆ ಅಕ್ಕನ ಹಾಗೆ ಒಲಿಂಡಾ ಬಾಯಿ.

"ಎರಡು ದಾರಿ ಉಂಟು ಮೇಡಂ," ಎಂದ, ಮೇಜು ನೋಡುತ್ತಾ. "ಎರಡು ತಿಂಗಳು ಪಿಐಪಿ, ಕೆಲಸ ಸುಧಾರಿಸಿಕೊಳ್ಳಲು ಕೊಡುವ ಗಡುವು. ವೇಗ ಸುಧಾರಿಸಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಏನೂ ಸಿಗುವುದಿಲ್ಲ. ಅಥವಾ ಈಗಲೇ ರಾಜೀನಾಮೆ ಕೊಟ್ಟರೆ ಮೂರು ತಿಂಗಳ ಸಂಬಳ ಪರಿಹಾರ. ನಾನು ರಜೆ ಮುಗಿಸಿ ಬಂದ ಮೇಲೆ ಹೇಳಿ."

ರಜೆ ಯಾಕೆಂದು ನಾನು ಕೇಳಬೇಕಾಗಿರಲಿಲ್ಲ. ಸೋಮವಾರ ಅವನ ಮದುವೆ. ಭಾನುವಾರ ಸಂಜೆ ರೋಸ್, ಮದುಮಗನ ತಲೆಗೆ ತೆಂಗಿನ ಹಾಲು ಹಚ್ಚಿ ಹರಸುವ ಶಾಸ್ತ್ರ. ಆ ಹಾಲು ತೆಗೆಯಲು ಅವನ ತಾಯಿ ನನಗೇ ಹೇಳಿದ್ದರು.

ಎರಡು ದಿನ ನಾನು ಕೂತಲ್ಲಿ ಕೂರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಆಫೀಸಿನಲ್ಲಿ ಆಸ್ಪತ್ರೆ ಬಿಲ್ಲುಗಳನ್ನು ಓದಿ ಓದಿ ಕಣ್ಣು ಸವೆಸಿದವಳಿಗೆ ಈಗ ವೇಗ ಸಾಲದಂತೆ! ಹಾಳಾದವರು. ಮಗಳು ಶಾರ್ಲೆಟ್‌ಳ ನರ್ಸಿಂಗ್ ಮುಗಿಯಲು ಇನ್ನೂ ಒಂದು ವರ್ಷ ಉಂಟು, ಮನೆಗೆ ಬರುವುದು ನನ್ನ ಸಂಬಳ ಒಂದೇ. ಪಿಐಪಿ ಹಿಡಿದರೆ ಕೆಲಸ ಉಳಿದೀತು, ಸೋತರೆ ಕೈಗೆ ಚಿಪ್ಪು.

"ರೋಸಿಗೆ ಹೋಗಬೇಡ ಮಾರಾಯ್ತಿ," ಎಂದರು ಗಂಡ ವಿಲ್ಫ್ರೆಡ್.

"ಹೋಗದಿದ್ದರೆ ಚರ್ಚಿನ ನಮ್ಮ ಇಡೀ ವಾಡೆಯವರು ಕಾರಣ ಕೇಳುತ್ತಾರೆ. ಎಂತ ಹೇಳುವುದು?"

ಹೋದೆ. ಸಿಟ್ಟೆಲ್ಲ ಕೈಗೆ ತಂದುಕೊಂಡು ಕಾಯಿ ಹಿಂಡಿದೆ, ಹಾಲು ಒಳ್ಳೆ ದಪ್ಪ ಬಂತು. ಚಪ್ಪರದಡಿ ರೋನಿ ಬನಿಯನ್ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಮನೆಯವರ ಸರದಿ ಮುಗಿದು ನನ್ನದು ಬಂದಾಗ ಬ್ಯಾಂಡಿನವರು ಕಿವಿ ಒಡೆಯುವ ಹಾಗೆ ಬಾರಿಸುತ್ತಿದ್ದರು. ಮುಖಕ್ಕೇ ಒಂದು ತಂಬಿಗೆ ಹಾಲು ಸುರಿದೆ. ಕಣ್ಣು ಮುಚ್ಚಿಕೊಂಡ. ತಲೆ ತಿಕ್ಕುತ್ತಾ ಬಗ್ಗಿ ಅವನ ಕಿವಿಯಲ್ಲಿ ಕೇಳಿದೆ.

"ಪಿಐಪಿ ತೆಗೆದುಕೊಂಡರೆ ಕೆಲಸ ಉಳಿಯುತ್ತದಾ ರೋನಿ? ಸತ್ಯ ಹೇಳು."

ಅವನು ಕಣ್ಣು ತೆರೆಯಲಿಲ್ಲ.

"ಇಲ್ಲ ಬಾಯಿ. ನಿಮ್ಮನ್ನು ತೆಗೆಯುವುದು ಮೊದಲೇ ತೀರ್ಮಾನ ಆಗಿದೆ. ಪಿಐಪಿಗೆ ಹೋಗಬೇಡಿ. ಆರು ತಿಂಗಳ ಸಂಬಳ ಕೇಳಿ, ಕೊಡುತ್ತಾರೆ. ಅಷ್ಟು ಹಣ ಅವರು ಮೊದಲೇ ತೆಗೆದಿಟ್ಟಿದ್ದಾರೆ. ನಾನು ಹೇಳಿದ್ದೆಂದು ಗೊತ್ತಾದರೆ ನನ್ನ ಕೆಲಸವೂ ಹೋಗುತ್ತದೆ."

ಸುಳ್ಳನ್ನಾದರೂ ಹೇಳಬಾರದಿತ್ತಾ ಎನಿಸಿತು. ಎರಡು ತಿಂಗಳು ಆಸೆಯಲ್ಲಾದರೂ ಕಳೆಯುತ್ತಿದ್ದೆ. ಹಣೆಗೆ ಎಣ್ಣೆಯಲ್ಲಿ ಶಿಲುಬೆ ಬರೆದು, ಸೆರಗಿನಿಂದ ಅವನ ಕಣ್ಣು ಒರೆಸಿ, ಪಕ್ಕದವಳಿಗೆ ಜಾಗ ಬಿಟ್ಟೆ.

ಆ ವಾರವಿಡೀ ಬಸ್ಸಿನಲ್ಲಿ, ಬಚ್ಚಲಲ್ಲಿ, ಪೂಜೆಯ ನಡುವೆ "ಆರು ತಿಂಗಳು" ಎಂದು ಹೇಳಿಕೊಳ್ಳುತ್ತಿದ್ದೆ.

ರಜೆ ಮುಗಿಸಿ ಬಂದವನು ಗಾಜಿನ ಕೋಣೆಗೆ ಕರೆದ. ಗೋಡೆಯ ಪರದೆಯ ಮೇಲೆ ಹೆಡ್ ಆಫೀಸಿನ ಅಧಿಕಾರಿಯೊಬ್ಬರು ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದರು.

"ರಾಜೀನಾಮೆ ಕೊಡುತ್ತೇನೆ," ಎಂದೆ. "ಆದರೆ ಆರು ತಿಂಗಳ ಸಂಬಳ ಬೇಕು."

ಪರದೆಯವರ ಹುಬ್ಬು ಏರಿತು. "ಆರು ಅಂತ ಇವರಿಗೆ ಯಾರು ಹೇಳಿದ್ದು? ಕೇಳಿ ರೋನಿ."

ರೋನಿ ಬೆರಳಿನ ಹೊಸ ಉಂಗುರವನ್ನು ತಿರುಗಿಸುತ್ತಾ ಇದ್ದ. ಮುಖ ಸುಣ್ಣದಂತಾಗಿತ್ತು.

"ಯಾರು ಹೇಳಿದ್ದು, ಮೇಡಂ?"

ಪಿಐಪಿ ಎಂದು ನನಗೆ ಹೇಳಿದ ಬಾಯಿಯೂ ಅದೇ, ಸತ್ಯ ಹೇಳಿದ ಬಾಯಿಯೂ ಅದೇ. ಒಂದು ಹೆಸರು ಹೇಳಿದರೆ ನನ್ನ ಸಿಟ್ಟು ತೀರುತ್ತಿತ್ತು. ಅವನ ಹೆಂಡತಿ ನಮ್ಮ ಬೇಲಿಯ ಆಚೆ ಬಂದು ವಾರವಷ್ಟೇ ಆಗಿತ್ತು.

"ಯಾರೂ ಹೇಳಲಿಲ್ಲ ಸರ್," ಎಂದೆ.

ಅವನನ್ನು ನಾನು ಸರ್ ಎಂದದ್ದು ಅದೇ ಮೊದಲು. ಅವನು ತಲೆ ಎತ್ತಲಿಲ್ಲ.