ನೆರೆಯವನು

ಕಪ್ಪು ಉಗುರಿನ ಬೆರಳೊಂದು ಸಾಲಿನ ಕೆಳಗೆ ಸರಿಯುತ್ತಿದೆ, ಇರುವೆಯ ಹಾಗೆ, ನಿಂತು, ಮತ್ತೆ ಸರಿದು, ಸೈಕಲ್ಲಿನ ಎಣ್ಣೆಯ ವಾಸನೆ, ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ವಾಸನೆ, ನನ್ನ ಕೈಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಪುಡಿಯದು ಅಂಟಿಕೊಂಡಿರುವ ಹಾಗೆ — ಬೆರಳನ್ನು ನೋಡಬಾರದು, ಅಕ್ಷರವನ್ನು ನೋಡಬೇಕು, ಇನ್ನೆರಡು ವಚನ ಆದರೆ ನನ್ನ ಸರದಿ, ಆದರೆ ಪುಸ್ತಕ ಇಬ್ಬರಿಗೊಂದೇ, ಬೆಂಚೂ ಇಬ್ಬರಿಗೊಂದೇ, ಚರ್ಚಿನಲ್ಲಿ ಆರಾಧನೆ ಮುಗಿದು ಈ ಪಕ್ಕದ ಕೋಣೆಗೆ ಬಂದಾಗ ಟೀಚರಮ್ಮ ಅವನನ್ನು ಕರೆದು ಇಲ್ಲೇ ಕೂತ್ಕೊಳ್ಳಿ, ಇವರ ಹತ್ರ ಜಾಗ ಇದೆ ಅಂದುಬಿಟ್ಟರು, ಏನೂ ಗೊತ್ತಿಲ್ಲದವರು, ಈ ಊರಿಗೆ ಹೊಸಬರು, ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳನ್ನು ಕೂರಿಸಿ ಅಭ್ಯಾಸವಾದ ಕೈ, ದೊಡ್ಡವರನ್ನೂ ಹಾಗೆಯೇ ಕೂರಿಸುತ್ತದೆ. ಅವರದು ಮೂರೇ ನಿಯಮ, ಒಬ್ಬೊಬ್ಬರು ಒಂದು ವಚನ ಓದಬೇಕು, ಓದಿದ್ದನ್ನು ನಮ್ಮ ಮಾತಿನಲ್ಲಿ ಹೇಳಬೇಕು, ಪದ ತಿಳಿಯದಿದ್ದರೆ ಮೊದಲು ಪಕ್ಕದವರನ್ನು ಕೇಳಬೇಕು, ನನ್ನನ್ನಲ್ಲ, ನಾನು ಸತ್ತ ಮೇಲೂ ನೀವು ಓದ್ಬೇಕಲ್ಲ ಅಂತ ನಗುತ್ತಾರೆ. ನಾನು ಕೇಳುವುದಿಲ್ಲ. ಇವತ್ತು ಯಾವ ಪದ ತಿಳಿಯದಿದ್ದರೂ ಇವನನ್ನು ಕೇಳುವುದಿಲ್ಲ. ಊರೆಲ್ಲ ಇವನನ್ನು ಗೇಟಿನವನು ಅನ್ನುತ್ತದೆ, ಅಣೆಕಟ್ಟಿನ ಗೇಟು ಎತ್ತುವ ಕೆಲಸದಲ್ಲಿದ್ದಾಗಿನ ಹೆಸರು, ಕೆಲಸ ಹೋಗಿ ಆಸ್ಪತ್ರೆಯ ಎದುರು ಪಂಕ್ಚರ್ ಹಾಕುತ್ತಾ ಕೂತರೂ ಹೆಸರು ಹೋಗಲಿಲ್ಲ, ನಾನೊಬ್ಬಳು ಮಾತ್ರ ಇವನನ್ನು ನೆರೆಯವನು ಅನ್ನುತ್ತೇನೆ, ನನ್ನೊಳಗೆ, ದೇವರ ಮುಂದೆ.

ನೆರೆ ಬಂದದ್ದು ಹಾಡುಹಗಲಲ್ಲಿ, ಬಿಸಿಲು ಕಾಯುತ್ತಿತ್ತು, ನಾನು ಆಸ್ಪತ್ರೆಯ ಮಾಳಿಗೆಯ ಮೇಲೆ ಹಾಸಿಗೆಯ ಬಟ್ಟೆ ಒಣಹಾಕುತ್ತಿದ್ದೆ, ಮೇಲೆಲ್ಲೋ ಮಳೆಯಾಗಿ ಅಣೆಕಟ್ಟು ತುಂಬಿದ್ದು ನಮಗೆ ಹೇಗೆ ಗೊತ್ತಾಗಬೇಕು, ಗೇಟು ಎತ್ತುವ ಮೊದಲು ಸೈರನ್ ಕೂಗಿಸಬೇಕಿತ್ತು, ಕೂಗಲಿಲ್ಲ, ಕೆಟ್ಟಿತ್ತು ಅಂದರು ಕೆಲವರು, ಮರೆತ ಅಂದರು ಕೆಲವರು, ಬಟ್ಟೆಗಳ ಸಂದಿಯಿಂದ ನೋಡಿದರೆ ನಮ್ಮ ಓಣಿಯಲ್ಲಿ ನೀರು ನಡೆದು ಬರುತ್ತಿದೆ, ಅವಸರವೇ ಇಲ್ಲದೆ, ದಾರಿ ಗೊತ್ತಿರುವವರ ಹಾಗೆ. ಮನೆಯೊಳಗೆ ಅಕ್ಕ. ಒಂದು ಕಾಲು ಹುಟ್ಟಿನಿಂದಲೇ ಸೊರಗಿದ್ದ ಅಕ್ಕ, ನನ್ನನ್ನು ಸೊಂಟದ ಮೇಲೆ ಹೊತ್ತು ಕುಂಟುತ್ತಲೇ ಬೆಳೆಸಿದವಳು, ಕಿಟಕಿಯ ಹತ್ತಿರ ಮಂಚದ ಮೇಲೆ ಕೂತು ಅಂಗಿಗಳಿಗೆ ಗುಂಡಿ ಹೊಲಿಯುವವಳು, ಬೆಳಿಗ್ಗೆ ನಾನು ಹೊರಟಾಗ ಬರ್ತಾ ಬಿಳಿ ದಾರ ತಾರೇ, ಮರೀಬೇಡ, ನಿನ್ನ ತಲೆ ಬರೀ ಜರಡಿ ಅಂದಿದ್ದಳು. ದಾರ ತಂದಿದ್ದೆ. ಮರೆತಿರಲಿಲ್ಲ. ಅದಾಗಿ ನಾಲ್ಕನೆಯ ಭಾನುವಾರ ಅಯ್ಯನವರು ಪೀಠದ ಮೇಲಿಂದ ಓದಿದರು, ನೆರೆಯವನನ್ನು ನಿನ್ನ ಹಾಗೆಯೇ ಪ್ರೀತಿಸು ಅಂತ, ನಾನು ಬೆಚ್ಚಿ ತಲೆಯೆತ್ತಿದೆ, ಇಷ್ಟು ಬೇಗ ದೇವರಿಗೆ ಹೇಗೆ ಗೊತ್ತಾಯಿತು, ಇಷ್ಟು ಜನರ ನಡುವೆ ನನ್ನೊಬ್ಬಳಿಗೇ ಬೆರಳು ಮಾಡಿ ಹೇಳಿದನಲ್ಲ, ನೆರೆ ತಂದವನನ್ನು ಪ್ರೀತಿಸು ಅಂತ, ಅವನೋ ಕೊನೆಯ ಬೆಂಚಿನಲ್ಲಿ ಗೋಡೆಗೆ ಅಂಟಿ ಕೂತಿದ್ದ. ಹನ್ನೊಂದು ವರ್ಷ ದೇವರೊಡನೆ ಜಗಳವಾಡಿದೆ, ಒಗೆಯುವ ಕೋಣೆಯ ಬಿಸಿ ಹಬೆಯಲ್ಲಿ, ತಂದೆಯೇ ಬೇರೆ ಏನಾದರೂ ಹೇಳು, ಮೊಣಕಾಲು ಸವೆಯುವವರೆಗೆ ಪ್ರಾರ್ಥಿಸು ಅನ್ನು, ಮಾಡುತ್ತೇನೆ, ಹಾವನ್ನು ಪ್ರೀತಿಸು ಅನ್ನು, ನೋಡೋಣ, ಇದೊಂದನ್ನು ಬಿಡು. ಬಿಡಲಿಲ್ಲ ಅವನು, ವರ್ಷಕ್ಕೆರಡು ಸಲವಾದರೂ ಆ ಮಾತು ಪೀಠದಿಂದ ಇಳಿದು ನೇರ ನನ್ನ ಮಡಿಲಿಗೇ ಬೀಳುತ್ತಿತ್ತು, ನಾನು ಕೆಲಸಕ್ಕೆ ಹೋಗುವಾಗ ಪಂಕ್ಚರ್ ಅಂಗಡಿ ಕಂಡೊಡನೆ ರಸ್ತೆ ದಾಟಿ ಆಚೆ ಬದಿ ಹಿಡಿಯುತ್ತಿದ್ದೆ, ಬಿಸಿಲಿನ ಬದಿ, ಚರಂಡಿಯ ಬದಿ. ಹಾಗಾಗಿಯೇ ಐವತ್ತು ದಾಟಿದ ಮೇಲೆ ಅಕ್ಷರ ಕಲಿಯಲು ಇಲ್ಲಿ ಬಂದು ಕೂತದ್ದು, ಎಲ್ಲರೂ ಭಕ್ತಿ ಅಂದುಕೊಂಡರು, ಅಯ್ಯನವರು ಮೆಚ್ಚಿ ತಲೆ ಸವರಿದರು, ನನಗೆ ಬೇಕಿದ್ದದ್ದು ಒಂದೇ, ಅದು ನಿಜವಾಗಿಯೂ ಅಲ್ಲಿ ಬರೆದಿದೆಯೋ ಇಲ್ಲವೋ ನನ್ನ ಕಣ್ಣಿಂದಲೇ ನೋಡಬೇಕಿತ್ತು.

ಬರೆದಿದೆ. ನನ್ನ ಸರದಿ ಬಂದಿದೆ, ನ-ಕ್ಕೆ ಎತ್ವ, ರ-ಕ್ಕೆ ಎತ್ವ, ಯ, ಒಂದೊಂದನ್ನೇ ತೊಳೆದು ಹಿಂಡಿ ಹರವಿದ ಹಾಗೆ ಓದುತ್ತೇನೆ, ಶಾಸ್ತ್ರ ಬಲ್ಲವನೊಬ್ಬ ಯೇಸುಸ್ವಾಮಿಯನ್ನು ಕೇಳುತ್ತಾನೆ, ನೆರೆಯವನೆಂದರೆ ಯಾರು ಅಂತ, ನನ್ನದೇ ಪ್ರಶ್ನೆ, ಯಾರೋ ನನಗಿಂತ ಮೊದಲೇ ಕೇಳಿಬಿಟ್ಟಿದ್ದಾನೆ. ಭೇಷ್, ಈಗ ನಿಮ್ಮ ಮಾತಲ್ಲಿ ಹೇಳಿ ಅನ್ನುತ್ತಾರೆ ಟೀಚರಮ್ಮ. ಹನ್ನೊಂದು ವರ್ಷದ ಮಾತು ತಾನೇ ದಾರಿ ಮಾಡಿಕೊಂಡು ಬರುತ್ತದೆ, ನೆರೆಯವನು ಅಂದ್ರೆ ನೆರೆ ತಂದವನು ಟೀಚರಮ್ಮಾ, ಅವನನ್ನೂ ಪ್ರೀತಿಸು ಅಂತ ದೇವರು ಹೇಳಿದಾನೆ, ನನ್ನ ಕೈಲಿ ಆಗಿಲ್ಲ. ಬೆರಳು ಪುಟದಿಂದ ಎದ್ದಿತು. ಎದುರಿನ ಬೆಂಚಿನ ಕ್ಷೌರಿಕ, ಎಲ್ಲಿ ಮೌನ ಕಂಡರೂ ಕತ್ತರಿಸಲೇಬೇಕಾದವನು, ಬಿಡಮ್ಮಾ, ನಾನೂ ಇಷ್ಟು ದಿನ ತಲೆ ನೆರೆತವರು ಅಂದ್ಕೊಂಡು ಮುದುಕರ ಗಡ್ಡ ಮೆತ್ತಗೆ ಕೆರೀತಿದ್ದೆ ಅಂದ, ಯಾರೂ ನಗಲಿಲ್ಲ, ಅವನೂ ನಗಲಿಲ್ಲ. ಟೀಚರಮ್ಮ ಕನ್ನಡಕ ತೆಗೆದರು. ಅದು ಆ ನೆರೆ ಅಲ್ಲಮ್ಮ, ನೆರೆಹೊರೆ ಅಂತೀವಲ್ಲ, ಆ ನೆರೆ, ನೆರೆ ಅಂದ್ರೆ ಪಕ್ಕ, ನೆರೆಯವನು ಅಂದ್ರೆ ಪಕ್ಕದವನು, ಅಷ್ಟೇ. ನೆರೆಹೊರೆ, ಅಯ್ಯೋ, ದಿನಕ್ಕೆ ಹತ್ತು ಸಲ ನನ್ನ ಬಾಯಲ್ಲೇ ಓಡಾಡುವ ಮಾತು — ಹಾಗಾದರೆ ಹೇಳಿರಲೇ ಇಲ್ಲ, ದೇವರು ನನಗೆ ಇವನ ವಿಷಯ ಹೇಳಿರಲೇ ಇಲ್ಲ, ನೀರು ಕುಡಿದ ಕಂಬಳಿ ಹೆಗಲಿಂದ ಇಳಿದ ಹಾಗೆ, ಎಷ್ಟು ಹಗುರ, ಅಕ್ಕಾ ಕೇಳಿದೆಯಾ, ಬರೀ ಪಕ್ಕದವನಂತೆ, ನೆಮ್ಮದಿಯಾಗಿ ದ್ವೇಷಿಸಬಹುದಿತ್ತು ಕಣೇ ಇಷ್ಟು ವರ್ಷ, ಪಕ್ಕದವನು, ಪಕ್ಕದಲ್ಲಿ — ಎಣ್ಣೆಯ ವಾಸನೆ. ಒಂದೇ ಪುಸ್ತಕದ ಅರ್ಧ ಅವನ ತೊಡೆಯ ಮೇಲೆ, ಅರ್ಧ ನನ್ನದರ ಮೇಲೆ. ದೇವರೇ, ನೀನು ಬಿಡುವವನಲ್ಲ.

ಮುಂದಿನ ವಚನವನ್ನು ಟೀಚರಮ್ಮ ಕನ್ನಡಕ ಏರಿಸಿ ತಾವೇ ಓದಿದರು, ಒಬ್ಬ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕು ಅರ್ಧ ಜೀವವಾಗಿ ಬಿದ್ದಿದ್ದಾನೆ. ಈಗ ಇವನ ಸರದಿ, ಎದ್ದು ಹೋಗುತ್ತಾನೆ ಅಂದುಕೊಂಡೆ, ಹೋಗಲಿ ಅಂದುಕೊಂಡೆ, ಹೋಗಲಿಲ್ಲ, ಬೆರಳು ಮತ್ತೆ ಪುಟಕ್ಕೆ ಇಳಿಯಿತು, ಯಾಜಕನೊಬ್ಬ ಅದೇ ದಾರಿಯಲ್ಲಿ ಬಂದ, ಬಿದ್ದವನನ್ನು ಕಂಡ, ಕಂಡು — ಬೆರಳು ನಿಂತಿತು. ಓ, ರೆ, ಯಾ, ಗಿ. ಮತ್ತೆ ಓ, ರೆ. ಅವನಿಗೆ ಆ ಪದ ಗೊತ್ತಿಲ್ಲ. ಟೀಚರಮ್ಮ ಸುಮ್ಮನೆ ಕಾಯುತ್ತಿದ್ದಾರೆ, ನಿಯಮ ನಿಯಮವೇ. ಅವನು ನನ್ನ ಮುಖ ನೋಡಲಿಲ್ಲ, ಪುಸ್ತಕಕ್ಕೇ ಹೇಳಿದ, ಹೀಗಂದ್ರೆ ಏನು ತಾಯಿ. ನನಗೆ ಗೊತ್ತು. ಈ ಪದ ನನಗೆ ಟೀಚರಮ್ಮ ಕಲಿಸಬೇಕಿಲ್ಲ, ನನ್ನ ಎರಡು ಕಾಲೂ ಹೇಳುತ್ತವೆ, ಓರೆಯಾಗಿ ಅಂದ್ರೆ, ಬಾಯಿ ತೆರೆದಿದ್ದೇನೆ, ಅಂದ್ರೆ, ಕಂಡೂ ಕಾಣದವರ ಹಾಗೆ ಆಚೆ ಬದಿಗೆ ಹೋಗೋದು ಅಣ್ಣಾ, ಅಂಗಡಿ ಮುಂದೆ ನಾನು ಹೋಗ್ತೀನಲ್ಲ, ಹಾಗೆ. ಅಣ್ಣಾ. ಯಾರ ಬಾಯಿಂದ ಬಂತು ಅದು, ನನ್ನದೇ ಇರಬೇಕು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಅವನು ನೋಡುತ್ತಿಲ್ಲ, ಅವನು ಓದಬೇಕು, ಇನ್ನೊಂದೇ ಮಾತು ಉಳಿದಿದೆ, ಬೆರಳು ಸರಿಯಬೇಕು, ಸರಿಯುತ್ತಿಲ್ಲ, ಕಪ್ಪು ಉಗುರು, ಅದರ ಮೇಲೆ ಒಂದು ಹನಿ, ಪುಟದ ಮೇಲೆ ಬೆರಳು.