ಕೊಡೆ ಬುಟ್ಟಾದ ಸೀರೆ

ಸೂರಮ್ಮ ಬೆರಳಿಗೆ ಬೂದಿ ಸವರಿಕೊಂಡು ಮಗ್ಗದ ಮುಂದೆ ಕೂರಬೇಕು ಎನ್ನುವಷ್ಟರಲ್ಲಿ ಓಣಿಯ ತಿರುವಿನಲ್ಲಿ ಬೈಕಿನ ಸದ್ದು ಕೇಳಿಸಿತು. ಸೊಸೆ ಕಾಂಚನಾ ಒಲೆಯ ಮುಂದಿನಿಂದಲೇ ಕತ್ತೆತ್ತಿ ನೋಡಿದಳು. ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಮಗ ರಾಮಾಂಜನೇಯ ರಾಟೆ ನಿಲ್ಲಿಸಿದ. ಬಂದವರು ಯಾರೆಂದು ಮೂವರಿಗೂ ಗೊತ್ತಿತ್ತು.

ರೇಷ್ಮೆ ಅಂಗಡಿಯ ಜಯದೇವಪ್ಪನವರು ಹೊಸ್ತಿಲ ಬಳಿ ಪಂಚೆ ಎತ್ತಿ ಹಿಡಿದು ಚರಂಡಿ ದಾಟಿ ಬಂದರು. ಹಾಗೆ ಎತ್ತಿಕೊಳ್ಳದೆ ಆ ಮನೆಯೊಳಕ್ಕೆ ಬರುವಂತಿರಲಿಲ್ಲ. ಮೊಳಕಾಲ್ಮೂರಿನ ಆ ಓಣಿಯಲ್ಲಿ ಚರಂಡಿ ಕಟ್ಟಿಕೊಂಡು ಯಾವ ಕಾಲವಾಯಿತೋ. ನೀರು ಗೋಡೆಯ ಬುಡದಿಂದ ಜಿನುಗಿ ಮನೆಮನೆಯ ಮಗ್ಗದ ಗುಂಡಿಗೆ ಇಳಿಯುತ್ತಿತ್ತು. ನೇಯಲು ಗುಂಡಿಯಲ್ಲಿ ಕಾಲಿಟ್ಟರೆ ಅಂಗಾಲಿಗೆ ತಣ್ಣನೆಯ ಕೆಸರು. ಹೋದ ಮಳೆಗಾಲದಲ್ಲಿ ರಾಮಾಂಜನೇಯ ನೇಯ್ದ ಸೀರೆಯ ಅಂಚಿಗೆ ತೇವ ಹತ್ತಿ ಕಲೆಯಾಗಿ, ಜಯದೇವಪ್ಪನವರ ಅಂಗಡಿಯಿಂದಲೇ ಅದು ವಾಪಸು ಬಂದಿತ್ತು. ರೇಷ್ಮೆ ಅವರದು, ನೇಯ್ಗೆ ಇವರದು. ಓಣಿಯ ಮುಕ್ಕಾಲು ಮಗ್ಗಗಳು ಹಾಗೆಯೇ ನಡೆಯುತ್ತಿದ್ದವು.

ಅವರು ಜಗಳಕ್ಕೆ ಬಂದವರಂತೆ ಮಾತಾಡಲಿಲ್ಲ. ಮಂಚದ ತುದಿಯಲ್ಲಿ ಕೂತು, ನೀರು ಕೇಳಿ ಕುಡಿದು, ವಿಷಯ ಹೇಳಿದರು. ಪಟ್ಟಣ ಪಂಚಾಯಿತಿಗೆ ಈ ವಾರ್ಡಿನಿಂದ ತಮ್ಮ ತಮ್ಮನ ಹೆಂಡತಿಯನ್ನು ಅವಿರೋಧವಾಗಿ ಆರಿಸುವುದೆಂದು ಎರಡು ಪಕ್ಷದವರೂ ಒಪ್ಪಿದ್ದಾರೆ. ಉಳಿದಿರುವುದು ಕಾಂಚನಾಳ ಪಕ್ಷೇತರ ನಾಮಪತ್ರ ಒಂದೇ. ಇವತ್ತು ಮಧ್ಯಾಹ್ನ ಮೂರರೊಳಗೆ ತಾಲೂಕು ಕಚೇರಿಗೆ ಬಂದು ವಾಪಸು ತೆಗೆದರೆ ಎಲ್ಲರಿಗೂ ಒಳ್ಳೆಯದು. ತಾವೇ ಎರಡು ಗಂಟೆಗೆ ಆಟೋ ತರುತ್ತಾರೆ.

"ನಾನೇನು ಬಲವಂತ ಮಾಡಾಕಿಲ್ಲ ಸೂರಮ್ಮ" ಎಂದರು ಏಳುತ್ತಾ. ಮಗ್ಗದ ಮೇಲೆ ಹೊಸದಾಗಿ ಬಿಗಿದಿದ್ದ ಹಸಿರು ಹಾಸನ್ನು, ಆ ಉದ್ದೆಳೆಗಳನ್ನು, ಅಂಗೈಯಿಂದ ಮೆಲ್ಲಗೆ ಸವರಿ ನೋಡಿದರು. "ಒಳ್ಳೆ ಹಾಸು. ಇದು ಮುಗೀಲಿ. ಮುಂದಿನ ಹಾಸಿನ ಮಾತು ಆಮೇಲೆ ಆಡಾನ."

ಬೈಕಿನ ಸದ್ದು ದೂರವಾಯಿತು. ಆಮೇಲೆ ರಾಮಾಂಜನೇಯ, ನನಗೇನೂ ಗೊತ್ತಾಗುವುದಿಲ್ಲ, ಮಗ್ಗ ನಿಂತರೆ ಊಟ ನಿಂತಂತೆ, ಅಷ್ಟು ಮಾತ್ರ ಗೊತ್ತು ಎಂದ. ಕಾಂಚನಾ ಅತ್ತೆಯ ಮುಖ ನೋಡಿದಳು.

"ನೀವು ಏನ್ ಹೇಳ್ತೀರೋ ಅದು, ಅತ್ತೆ. ತೆಗಿ ಅಂದ್ರೆ ತೆಗಿತೀನಿ."

ಸೂರಮ್ಮ ಬೂದಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೊದಲಿನಿಂದಲೂ ಬೇಡ ಎಂದವಳೇ ಆಕೆ. ಓಣಿಯ ಹೆಂಗಸರು ಒಟ್ಟಾಗಿ ಬಂದು, ಓದಿದವಳು ನೀನೇ ನಿಲ್ಲಬೇಕು ಎಂದು ಕಾಂಚನಾಳನ್ನು ಎಬ್ಬಿಸಿದ ದಿನವೇ ಆಕೆ, ಅಂಗಡಿಯಿಂದ ಹಾಸು ಬರುವುದು ನಿಲ್ಲುತ್ತದೆ ಎಂದಿದ್ದಳು. ಪಕ್ಕದ ಮನೆಯ ಯರ್ರಮ್ಮನಂತೂ ಸೂಚಕಳಾಗಿ ಹೆಬ್ಬೆಟ್ಟು ಒತ್ತಿ ಬಂದು, ಆ ಮಸಿಯನ್ನು ಸಂಜೆಯವರೆಗೂ ತೊಳೆಯದೆ ಎಲ್ಲರಿಗೂ ತೋರಿಸಿದ್ದಳು. "ಕಾನೀಲೇ ಸೂರಕ್ಕ, ಆಗಿದ್ದಾಗ್ಲಿ. ಪಂಚಾಯ್ತಿಗೆ ಅವಿರೋಧ ಅವಿರೋಧ ಅಂತ ಪ್ರತಿ ಸಲ ನಮ್ಮ ಓಟು ಮನ್ಯಾಗೇ ಮಲಗೈತೆ. ಒಂದಿನ ಆದ್ರೂ ಅದಕ್ಕೂ ಕೆಲ್ಸ ಬೇಡ್ವೇನೆ?" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಸೂರಮ್ಮ ನಕ್ಕಿರಲಿಲ್ಲ.

ಆಕೆ ಈಗ ಮಗ್ಗದ ಮುಂದೆ ಕೂತಳು. ಹಳೆಯ ಹಾಸು ಮುಗಿಯುತ್ತಾ ಬಂದಾಗ ಅದರ ತುದಿಯನ್ನು ಮಗ್ಗದಲ್ಲೇ ಉಳಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಬೂದಿಗೈಯಲ್ಲಿ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಗಂಟು ಹಾಕುವಂತಿಲ್ಲ, ಹೊಸೆಯುವುದಷ್ಟೇ. ಹೀಗೆ ಎಳೆ ಹಚ್ಚಲು ಕೂತವರು ತಮ್ಮ ಪಾಲು ಮುಗಿಯುವವರೆಗೆ ಏಳುವುದಿಲ್ಲ. ಅದು ಓಣಿಯ ಕಟ್ಟಳೆ. ನೆಂಟರು ಬಂದರೂ ಕೂತಲ್ಲಿಂದಲೇ ಮಾತು. ಎದ್ದರೆ ಎಳೆಯ ಸಾಲು ಕೈತಪ್ಪುತ್ತದೆ, ಮನೆಗೂ ಒಳ್ಳೆಯದಲ್ಲ ಎನ್ನುತ್ತಾರೆ.

ಅವಳ ಗಂಡ ಹುಲಿಯಪ್ಪ ಎದ್ದಿದ್ದ.

ಆಗ ಓಣಿಯಲ್ಲಿ ಮನೆಗೆರಡು ಮಗ್ಗ. ಬೆಳಗಾದರೆ ಲಾಳಿಯ ಸದ್ದು ಒಂದು ಮನೆಯಿಂದ ಇನ್ನೊಂದು ಮನೆಗೆ ಹಬ್ಬಿ, ಮಾತಾಡಬೇಕಾದರೆ ಕೂಗಬೇಕಿತ್ತು. ಅದಕ್ಕೇ ನೇಕಾರರ ಮನೆಯ ಹೆಂಗಸರಿಗೆ ದೊಡ್ಡ ಗಂಟಲು ಎಂದು ಊರವರು ಆಡಿಕೊಳ್ಳುತ್ತಿದ್ದರು. ಆ ಸದ್ದಿನ ನಡುವೆ ಒಂದು ದಿನ ಹುಲಿಯಪ್ಪ, ನಾನು ಎಲೆಕ್ಷನ್ನಿಗೆ ನಿಲ್ಲುತ್ತೇನೆ ಎಂದಿದ್ದ. ಯಾವ ಪಕ್ಷ ಎಂದು ಕೇಳಿದರೆ, ನಮ್ಮದು ಮಗ್ಗದ ಪಕ್ಷ ಎಂದಿದ್ದ. ಗುರುತಿಗೆ ಕೊಡೆ ಬೇಕೆಂದು ಕೇಳಿ ಬರೆದುಕೊಟ್ಟು ಬಂದ. ಕೇಳಿದ ಗುರುತು ಸಿಕ್ಕೇ ಸಿಗುತ್ತದೆಂದು ನಂಬಿ, ಇನ್ನೂ ಯಾರಿಗೂ ಯಾವ ಗುರುತೂ ಕೊಡುವ ಮುಂಚೆಯೇ, ಬುಟ್ಟಾ ಮೂಡಿಸುವ ರಟ್ಟಿನ ಅಟ್ಟೆಗೆ ತೂತು ಹೊಡೆಸಿ, ಸೀರೆಯ ಮೈತುಂಬಾ ಕೊಡೆಯ ಬುಟ್ಟಾ ನೇಯ್ದುಬಿಟ್ಟ. ನೇರಳೆ ಮೈಗೆ ಬೆಳ್ಳನೆಯ ಪುಟ್ಟಪುಟ್ಟ ಕೊಡೆಗಳು. "ನೀನು ಇದನ್ನ ಉಟ್ಕೊಂಡು ಮನೆಮನೆಗೆ ಹೋದ್ರೆ ನಾನು ಬಾಯಿ ಬಿಡೋದೇ ಬ್ಯಾಡ" ಎಂದಿದ್ದ. ಅವಳಿಗೆ ನಾಚಿಕೆಯಾಗಿತ್ತು. ಆದರೂ ಬಾಗಿಲು ಹಾಕಿಕೊಂಡು ಒಂದು ಸಲ ಉಟ್ಟು ತೋರಿಸಿದ್ದಳು. ಅವನು ರಾಟೆಯ ಪಕ್ಕ ಕೂತು ಬಹಳ ಹೊತ್ತು ನೋಡಿದ್ದ.

ನಾಮಪತ್ರ ವಾಪಸು ತೆಗೆಯುವ ದಿನ ಅವನು ಹೀಗೇ ಎಳೆ ಹಚ್ಚುತ್ತಾ ಕೂತಿದ್ದ. ಜಯದೇವಪ್ಪನವರ ತಂದೆ ಜೀಪಿನಲ್ಲಿ ಬಂದು ಬಾಗಿಲಲ್ಲೇ ನಿಂತು ಕರೆದರು. ಅರ್ಧ ಗಂಟೆ, ಬರ್ತೀನಿ ಎಂದು ಹೇಳಿ ಅವನು ಎದ್ದ. ದೀಪ ಹಚ್ಚುವ ಹೊತ್ತಿಗೆ ಹೆಗಲ ಮೇಲೆ ಹೊಸ ಶಲ್ಯ, ಕೈಯಲ್ಲಿ ಮೈಸೂರು ಪಾಕಿನ ಪೊಟ್ಟಣ ಹಿಡಿದು ಬಂದು, ಅದನ್ನು ಅವಳ ಕೈಗೆ ಕೊಡದೆ ಗೂಡಿನಲ್ಲಿಟ್ಟು, ಮಗ್ಗದ ಮುಂದೆ ಕೂತ. ಬಿಟ್ಟ ಎಳೆ ಸಿಗಲಿಲ್ಲ. ಆ ಹಾಸಿನ ಸೀರೆಗಳಲ್ಲೆಲ್ಲ ಉದ್ದಕ್ಕೆ ಒಂದು ಸಣ್ಣ ಗೀರು ಬಂತು. ಅವನು ಅದರ ಮಾತೆತ್ತಲಿಲ್ಲ, ಅವಳೂ ಕೇಳಲಿಲ್ಲ. ಸಾಯುವವರೆಗೂ ಅಸೆಂಬ್ಲಿ, ಪಾರ್ಲಿಮೆಂಟ್ ಚುನಾವಣೆ ಬಂದಾಗಲೆಲ್ಲ ಬೂತಿನಲ್ಲಿ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಲ್ಲುತ್ತಿದ್ದ, ಅಷ್ಟೇ. ಕೊಡೆಯ ಸೀರೆಯನ್ನು ಅಂಗಡಿಯವರು ಕೊಳ್ಳಲಿಲ್ಲ. ಯಾವ ಮದುಮಗಳು ಕೊಡೆ ಉಟ್ಟು ಹಸೆಗೆ ಕೂರ್ತಾಳಯ್ಯ ಎಂದು ನಕ್ಕರಂತೆ. ಅದು ಈಗಲೂ ಟ್ರಂಕಿನ ತಳದಲ್ಲಿ, ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಮಲಗಿದೆ.

ಮಧ್ಯಾಹ್ನದ ಊಟಕ್ಕೆ ಸೂರಮ್ಮ ಏಳಲಿಲ್ಲ. ಕಾಂಚನಾ ಪಾತ್ರೆ ತೊಳೆದಿಟ್ಟು, ಬೇರೆ ಸೀರೆ ಉಟ್ಟು, ತಲೆ ಬಾಚಿಕೊಂಡು ಬಾಗಿಲ ಬಳಿ ನಿಂತಳು. ಹೊರಡುವುದಕ್ಕೆ ತಯಾರಾಗಿದ್ದಾಳೆ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಅಳುತ್ತಿರಲಿಲ್ಲ. ಹೊಸ್ತಿಲಿಗೆ ಬಂದು ನಿಂತ ಕಪ್ಪು ನೀರನ್ನೇ ನೋಡುತ್ತಿದ್ದಳು. ಆ ನಿಲುವಿನಲ್ಲಿ ಏನಿತ್ತೋ, ಸೂರಮ್ಮನಿಗೆ ಅಂದು ಯಾರೂ ಮುಟ್ಟದೆ ಗೂಡಿನಲ್ಲಿ ಇರುವೆ ಮುತ್ತಿದ ಮೈಸೂರು ಪಾಕು ನೆನಪಾಯಿತು.

ಆಟೋ ಓಣಿಗೆ ತಿರುಗಿದ ಸದ್ದಾಯಿತು.

"ಬಾ ಇಲ್ಲಿ" ಎಂದಳು ಸೂರಮ್ಮ. "ಕೈಗೆ ಬೂದಿ ಹಚ್ಕೊ."

ಕಾಂಚನಾ ಅರ್ಥವಾಗದೆ ನಿಂತಳು. ಚಳ್ಳಕೆರೆಯಿಂದ ಮದುವೆಯಾಗಿ ಬಂದ ಲಾಗಾಯ್ತು ಅವಳನ್ನು ಅತ್ತೆ ಎಳೆ ಹಚ್ಚಲು ಬಿಟ್ಟಿರಲಿಲ್ಲ. ಎಣ್ಣೆ ಮಿಲ್ಲಿನವರ ಮಗಳು, ಬೆರಳಲ್ಲಿ ಶೇಂಗಾ ಜಿಡ್ಡು ಹೋಗಿಲ್ಲ ಎಂದು ತಮಾಷೆ ಮಾಡಿ ದೂರ ಕೂರಿಸುತ್ತಿದ್ದಳು.

"ಅತ್ತೆ, ಆಟೋ ಬಂತು."

"ಬರ್ಲಿ. ನನ್ನ ಕಣ್ಣು ಕತ್ಲಾಗೈತೆ. ಈ ಕಡೆ ಪಾಲು ನಿಂದು. ಕೂತ್ಕೊ."

ಕಾಂಚನಾ ಕೂತಳು. ಸೂರಮ್ಮ ಅವಳ ಹೆಬ್ಬೆರಳು ತೋರುಬೆರಳುಗಳ ನಡುವೆ ಎರಡು ಎಳೆ ಇಟ್ಟು, ತನ್ನ ಬೆರಳಿಂದಲೇ ಒಂದು ಸುತ್ತು ಹೊಸೆಸಿದಳು. ಎಳೆ ನಿಂತಿತು. ಇನ್ನೊಂದು ಬಿಚ್ಚಿಕೊಂಡಿತು. ಮತ್ತೊಂದು ನಿಂತಿತು.

ಜಯದೇವಪ್ಪನವರು ಒಳಗೆ ಬಂದವರು ನಿಂತಲ್ಲೇ ನಿಂತರು. ಕಾಂಚನಾಳ ಬೂದಿಗೈ ನೋಡಿದರು, ಗೋಡೆಯ ಗಡಿಯಾರ ನೋಡಿದರು.

"ಏನ್ ಸೂರಮ್ಮ ಇದು? ಆಕೇನೇ ಖುದ್ದು ಬರ್ಬೇಕಂತೆ. ಟೈಮ್ ಐತೇನು?"

"ಎಳೆ ಹಚ್ಚಾಕೆ ಕೂತವ್ಳೆ ಸಾವ್ಕಾರ್ರೆ. ಮಧ್ಯ ಹೆಂಗೆ ಏಳ್ತಾಳೆ? ನಿಮ್ಗೆ ಗೊತ್ತಿಲ್ದೇ ಇರೋದೇನಲ್ಲ."

"ಒಂದೈದು ನಿಮಿಷ ಎದ್ರೆ ಏನೂ ಆಗಾಕಿಲ್ಲ ಬಿಡು."

ಸೂರಮ್ಮ ಕತ್ತೆತ್ತಲಿಲ್ಲ. ಇನ್ನೊಂದು ಎಳೆ ಹೊಸೆದಳು.

"ಆವತ್ತು ನಿಮ್ಮಪ್ಪಾರು ಕರದ್ರು, ನಮ್ಮನೆಯವ್ರು ಎದ್ದು ಹೋದ್ರು. ಆ ಹಾಸು ಕೊನೇತನಕ ನೆಟ್ಟಗಾಗ್ಲಿಲ್ಲ. ಇದು ನಿಮ್ಮ ಹಾಸೇ ಸಾವ್ಕಾರ್ರೆ, ನಿಮ್ಮ ರೇಷ್ಮೆ. ಕೆಟ್ರೆ ನಿಮ್ದೇ ಕೆಡೋದು. ಎದ್ದೇಳು ಅಂತ ನಿಮ್ಮ ಬಾಯಾಗೇ ಹೇಳಿ, ಏಳ್ತಾಳೆ."

ರಾಮಾಂಜನೇಯನ ರಾಟೆ ನಿಂತಿತ್ತು. ಮೂರು ತಲೆಮಾರಿನಿಂದ ರೇಷ್ಮೆ ವ್ಯಾಪಾರ ಮಾಡಿದ ಮನೆತನದವರು ಜಯದೇವಪ್ಪನವರು. ಹಾಸಿನ ಮುಂದೆ ಕೂತವರನ್ನು ಏಳು ಎನ್ನಲು ಅವರ ನಾಲಿಗೆ ಹೊರಳಲಿಲ್ಲ. ಮಂಚದ ಮೇಲೆ ಕೂತರು. ಫೋನು ಹೊಡೆದುಕೊಂಡಿತು. ಬಂದೆ, ಬರ್ತಾ ಇದೀವಿ ಎಂದರು. ಮತ್ತೆ ಹೊಡೆದುಕೊಂಡಾಗ ತೆಗೆಯಲಿಲ್ಲ. ಕಾಂಚನಾಳ ಬೆರಳು ಮೆಲ್ಲಗೆ ಹಾದಿಗೆ ಬರುತ್ತಿತ್ತು. ಹೊರಗೆ ಆಟೋದವನು ಎರಡು ಸಲ ಹಾರ್ನ್ ಮಾಡಿ, ಎಂಜಿನ್ ಆರಿಸಿದ.

ಮೂರು ದಾಟಿದ ಮೇಲೆ ಜಯದೇವಪ್ಪನವರು ಎದ್ದರು. ಬಾಗಿಲ ಬಳಿ ತಿರುಗಿ, "ಈ ಹಾಸು ಮುಗಿದ ಮೇಲೆ ಅಂಗಡಿ ಕಡೆ ಬರಬ್ಯಾಡ್ರಿ" ಎಂದರು. ಹೊಸ್ತಿಲು ದಾಟುವಾಗ ಪಂಚೆ ಎತ್ತಲು ಮರೆತರು.

ರಾಮಾಂಜನೇಯ ಅರ್ಧಕ್ಕೆ ಬಿಟ್ಟಿದ್ದ ಕಂಡಿಕೆ ಸುತ್ತಿ ಮುಗಿಸಿದ. ಆಮೇಲೆ ಎದ್ದು ಬಂದು ಹೆಂಡತಿಯ ಪಕ್ಕ ದೀಪ ಇಟ್ಟು ಹೋದ, ಇನ್ನೂ ಬೆಳಕಿದ್ದರೂ.

ಇಬ್ಬರೂ ಪಾಲು ಮುಗಿಸಿ ಬೆನ್ನು ನೆಟ್ಟಗೆ ಮಾಡುವ ಹೊತ್ತಿಗೆ ಯರ್ರಮ್ಮ ತಾಲೂಕು ಕಚೇರಿಯ ಕಡೆಯಿಂದ ಏದುಸಿರು ಬಿಡುತ್ತಾ ಬಂದಳು. ಗುರುತು ಹಂಚಿದ್ದಾರೆ, ಕಾಂಚನಾಗೆ ಹೊಲಿಗೆ ಮಿಷನ್ ಕೊಟ್ಟಿದ್ದಾರೆ ಎಂದು ಹೇಳಿ, ನೀರು ಕುಡಿದು, ಉಳಿದ ಮನೆಗಳಿಗೆ ಹೇಳಲು ಓಡಿದಳು.

"ಹೊಲಿಗೆ ಮಿಷನ್ನಾ" ಎಂದಳು ಸೂರಮ್ಮ. "ಕೊಡೆ ಆದ್ರೆ ಸಲೀಸಿತ್ತು."

ಕಾಂಚನಾ ಸೋತ ಬೆರಳುಗಳನ್ನು ಮಡಿಸಿ ಬಿಚ್ಚುತ್ತಾ, ಏನು ಸಲೀಸು ಎಂದು ಕೇಳಿದಳು. ಸೂರಮ್ಮ ಬೆರಳನ್ನು ಮತ್ತೆ ಬೂದಿಗೆ ಒತ್ತಿದಳು. ಮಗ್ಗದ ಗುಂಡಿಯ ಅಂಚಿನ ಕರಿ ನೆಲದ ಮೇಲೆ ಬೂದಿಬೆರಳಿಂದ ಒಂದು ಗೀಟೆಳೆದಳು, ಅದರ ಕೆಳಗೆ ಇನ್ನೊಂದು. ಬಲಕ್ಕೆ ಒಂದು ಚಕ್ರ. ನೋಡಿದಳು, ಅಂಗೈಯಿಂದ ಒರೆಸಿ ಮತ್ತೆ ಎಳೆದಳು, ಈ ಸಲ ಚಿಕ್ಕದಾಗಿ, ಬುಟ್ಟಾದ ಅಳತೆಗೆ.

"ಸೂಜಿ ಯಾವ ಕಡೆ ಬರ್ತೈತೆ?" ಎಂದು ಕೇಳಿದಳು.

ಕಾಂಚನಾ ಬಗ್ಗಿ, ತನ್ನ ಬೂದಿಬೆರಳಿಂದ ಎಡಗಡೆ ಒಂದು ಚುಕ್ಕೆ ಇಟ್ಟಳು.